ಬಳ್ಳಾರಿಯ ಸರ್ಕಾರಿ ಬಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್ಸಿನ ವಿಷಯದಲ್ಲಿ ಯಾವ ತಕರಾರು ಬಂದರೂ ಮೊದಲು ನೋಡಬೇಕಾದ್ದು ಬಸ್ಸಿನ ಮೈಮೇಲೆ ಬರೆದಿರುವ ವಿಭಾಗ ಮತ್ತು ಘಟಕದ ಹೆಸರು. ಘಟಕ ಅಂದರೆ ಡಿಪೋ. ಆ ಬಸ್ಸು ಎಷ್ಟು ಗಂಟೆಗೆ ಬಿಡಬೇಕು, ಯಾರು ಓಡಿಸಬೇಕು, ಬಿಟ್ಟುಹೋದ ಬ್ಯಾಗು ಎಲ್ಲಿಗೆ ಹೋಗುತ್ತದೆ, ದೂರು ಯಾರ ಮೇಜಿಗೆ ಬೀಳಬೇಕು, ಇದೆಲ್ಲ ಡಿಪೋದಲ್ಲೇ ತೀರ್ಮಾನವಾಗುವುದು. ಕೆಳಗಿನ ಬಹಳಷ್ಟು ಉತ್ತರಗಳು ಸುತ್ತಿ ಬಂದು ಅಲ್ಲಿಗೇ ನಿಲ್ಲುತ್ತವೆ.

ಬಳ್ಳಾರಿಯ ಕೆಂಪು ಬಸ್ಸು ಕೆಎಸ್‌ಆರ್‌ಟಿಸಿಯದೋ, ಬೇರೆಯದೋ?

ಜನರ ಬಾಯಲ್ಲಿ ಕೆಎಸ್‌ಆರ್‌ಟಿಸಿ, ದಾಖಲೆಯಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಕೇಂದ್ರ ಕಚೇರಿ ಇರುವುದು ಕಲಬುರಗಿಯಲ್ಲಿ. ರಾಜ್ಯದಲ್ಲಿ ನಾಲ್ಕು ಸಾರಿಗೆ ನಿಗಮಗಳಿವೆ: ಕೆಎಸ್‌ಆರ್‌ಟಿಸಿ, ಬೆಂಗಳೂರಿನ ಬಿಎಂಟಿಸಿ, ಹುಬ್ಬಳ್ಳಿಯ ವಾಯವ್ಯ ಮತ್ತು ನಮ್ಮದು. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರು ಇವು ನಮ್ಮ ನಿಗಮದಲ್ಲಿ ಬೇರೆ ಬೇರೆ ವಿಭಾಗಗಳು.

ಬಳ್ಳಾರಿಯಿಂದ ಬೆಂಗಳೂರಿಗೆ ಹೊರಟ ಬಸ್ಸು ಕಲ್ಯಾಣ ಕರ್ನಾಟಕದ್ದೂ ಆಗಿರಬಹುದು, ಕೆಎಸ್‌ಆರ್‌ಟಿಸಿಯದೂ ಆಗಿರಬಹುದು. ಮುಂಗಡ ಟಿಕೆಟ್ಟಿನ ವ್ಯವಸ್ಥೆ ಒಂದೇ ಇರುವುದರಿಂದ ಬುಕ್ ಮಾಡುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಸ್ಸು ಬಾರದೇ ಹೋದ ದಿನ. ಆಗ ಬಳ್ಳಾರಿಯ ಕೌಂಟರಿನಲ್ಲಿ ಜಗಳ ಆಡಿದರೆ ಪ್ರಯೋಜನ ಕಡಿಮೆ, ಬಸ್ಸಿನ ಸ್ವಂತ ಡಿಪೋ ಬೇರೆ ಊರಿನದಾಗಿರಬಹುದು.

ನೋಂದಣಿ ಸಂಖ್ಯೆಯೂ ಸುಳಿವು ಕೊಡುತ್ತದೆ. ಕೆಎ-34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ. ಮುಂದೆ ‘ಎಫ್’ ಅಕ್ಷರ ಇದ್ದರೆ ಸಾರಿಗೆ ನಿಗಮದ ಬಸ್ಸು. ಆದರೆ ಬಸ್ಸುಗಳು ಒಂದು ವಿಭಾಗದಿಂದ ಇನ್ನೊಂದಕ್ಕೆ ವರ್ಗವಾಗುತ್ತಿರುತ್ತವೆ. ಹಾಗಾಗಿ ನಂಬರಿಗಿಂತ ಬರೆದಿರುವ ಡಿಪೋ ಹೆಸರೇ ಖಾತ್ರಿ. ಜಿಲ್ಲೆಯ ಗಡಿ ಮತ್ತು ವಿಭಾಗದ ಗಡಿ ಒಂದೇ ಅಲ್ಲ ಎಂಬುದೂ ನೆನಪಿರಲಿ. ಬಳ್ಳಾರಿ ಜಿಲ್ಲೆಯ ಸಂಡೂರಿನ ಬಸ್ಸಿನ ಮೇಲೆ ಹೊಸಪೇಟೆ ವಿಭಾಗ ಅಂತ ಕಂಡರೆ ಅದು ತಪ್ಪಿ ಬರೆದದ್ದಲ್ಲ.

ಈ ನಿಗಮ ಬಂದದ್ದು ಹೇಗೆ?

ಇವತ್ತು ಒಂದೇ ನಿಗಮದ ಕೆಳಗಿರುವ ಬಳ್ಳಾರಿ ಮತ್ತು ರಾಯಚೂರು ಮೊದಲು ಬೇರೆ ಬೇರೆ ಸರ್ಕಾರಗಳ ಕೆಳಗಿದ್ದವು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದವು. ಅಲ್ಲಿ 1932ರ ಜೂನ್‌ನಲ್ಲಿ ರೈಲ್ವೆ ಇಲಾಖೆಯೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ವಿಭಾಗ ಶುರುಮಾಡಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿ ಖಾಸಗಿ ಮಾಲೀಕರ ಬಸ್ಸುಗಳದೇ ಕಾರುಬಾರು. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಇಲಾಖೆ ತೆರೆಯಿತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು, ಕೊಪ್ಪಳ ಸೇರಿದ್ದು 1956ರ ನವೆಂಬರ್ 1ರಂದು. ಇಲಾಖೆ ಹೋಗಿ ನಿಗಮವಾದದ್ದು 1961ರ ಆಗಸ್ಟ್ 1ರಂದು. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಅದು ಕೆಎಸ್‌ಆರ್‌ಟಿಸಿ ಆಯಿತು. ಒಂದೇ ನಿಗಮದ ಕೈಗೆ ಇಡೀ ರಾಜ್ಯ ನಿಲುಕದಾದಾಗ 1997ರಲ್ಲಿ ಬೆಂಗಳೂರು ನಗರ ಸಾರಿಗೆ ಮತ್ತು ವಾಯವ್ಯ ನಿಗಮಗಳು ಬೇರೆಯಾದವು. 2000ದ ಆಗಸ್ಟ್ 15ರಂದು ಈಶಾನ್ಯ ಕರ್ನಾಟಕ ನಿಗಮ ಹುಟ್ಟಿತು. ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ನಾಮಕರಣವಾಯಿತು. 2021ರಲ್ಲಿ ನಿಗಮವೂ ಅದೇ ಹೆಸರು ತೆಗೆದುಕೊಂಡಿತು. ಹಳೆಯ ಬಸ್ಸುಗಳ ಮೇಲೆ, ರಸೀದಿ ಪುಸ್ತಕದ ಮೇಲೆ ‘ಈಶಾನ್ಯ’ ಕಂಡರೆ ಅದೂ ಇದೇ ಸಂಸ್ಥೆ.

ಗುಂತಕಲ್ಲು ಇಲ್ಲೇ ಪಕ್ಕದಲ್ಲಿದೆ. ಅಲ್ಲಿಗೆ ಹೋಗುವ ಬಸ್ಸಿಗೆ ನಿಯಮವೆಲ್ಲ ಬೇರೆ, ಯಾಕೆ?

1953ರಲ್ಲಿ ಬಳ್ಳಾರಿ ಜಿಲ್ಲೆ ಇಡಿಯಾಗಿ ಬರಲಿಲ್ಲ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗುಂತಕಲ್ಲು, ಉರವಕೊಂಡ ಅನಂತಪುರ ಜಿಲ್ಲೆಯವು. ವ್ಯಾಪಾರ, ಬೀಗತನ, ಆಸ್ಪತ್ರೆ, ಹತ್ತಿ ಮಾರುಕಟ್ಟೆ ಎಲ್ಲ ಎರಡೂ ಕಡೆ ಹೆಣೆದುಕೊಂಡೇ ಇವೆ. ರಸ್ತೆಯ ನಡುವೆ ರಾಜ್ಯದ ಗೆರೆ ಮಾತ್ರ ಬಂತು.

ಗೆರೆ ದಾಟುವ ಬಸ್ಸಿಗೆ ಎರಡು ರಾಜ್ಯಗಳ ಒಪ್ಪಂದ ಬೇಕು. ಯಾವ ಮಾರ್ಗ, ದಿನಕ್ಕೆ ಎಷ್ಟು ಟ್ರಿಪ್ಪು, ಪರರಾಜ್ಯದೊಳಗೆ ಎಷ್ಟು ಕಿಲೋಮೀಟರು, ಎಲ್ಲವೂ ಅದರಲ್ಲಿ ಇರುತ್ತದೆ. ನಮ್ಮ ಬಸ್ಸು ಅಲ್ಲಿ ಓಡಿದಷ್ಟಕ್ಕೆ ಸರಿಯಾಗಿ ಅವರ ಬಸ್ಸು ಇಲ್ಲಿ ಓಡಬೇಕು ಎಂಬ ಲೆಕ್ಕ. ಆದ್ದರಿಂದ ಜನ ಎಷ್ಟೇ ನಿಂತಿದ್ದರೂ ಡಿಪೋ ಮ್ಯಾನೇಜರ್ ತಾನೇ ಒಂದು ಟ್ರಿಪ್ಪು ಹೆಚ್ಚಿಸಲಾರ. ರಾಯದುರ್ಗ, ಗುಂತಕಲ್ಲಿಗೆ ಬಳ್ಳಾರಿಯಿಂದ ರೈಲೂ ಇದೆ. ಬಸ್ಸು ತಪ್ಪಿದರೆ ರೈಲಿನ ವೇಳೆ ನೋಡಿಕೊಳ್ಳುವುದು ಜಾಣತನ.

ಯಾವ ನಿಲ್ದಾಣಕ್ಕೆ ಹೋಗಬೇಕು?

ಆಟೋದವರಿಗೆ ಬರೇ ‘ಬಸ್ ಸ್ಟ್ಯಾಂಡು’ ಎನ್ನಬೇಡಿ. ದೂರದ ಊರುಗಳಿಗೆ ಕೇಂದ್ರ ನಿಲ್ದಾಣ, ಅಂದರೆ ಹೊಸ ಬಸ್ ಸ್ಟ್ಯಾಂಡು. ನಗರ ಸಾರಿಗೆ ಮತ್ತು ಹತ್ತಿರದ ಹಳ್ಳಿಗಳ ಬಸ್ಸುಗಳಿಗೆ ರಾಯಲ್ ಸರ್ಕಲ್ ಕಡೆಯ ಹಳೇ ಬಸ್ ಸ್ಟ್ಯಾಂಡು. ನಿಮ್ಮ ಊರಿನ ಬಸ್ಸು ಎಲ್ಲಿಂದ ಬಿಡುತ್ತದೆ ಎಂದು ಮೊದಲ ಸಲ ಹೋಗುವಾಗ ಸಂಚಾರ ನಿಯಂತ್ರಕರನ್ನೇ ಕೇಳಿ. ಜನ ಅವರನ್ನು ಟಿಸಿ ಅನ್ನುತ್ತಾರೆ. ಅಂಗಡಿಯವರ ಮಾತು ನಂಬಿ ಅರ್ಧ ಗಂಟೆ ತಪ್ಪು ಅಂಕಣದಲ್ಲಿ ನಿಲ್ಲುವವರು ದಿನವೂ ಇದ್ದೇ ಇರುತ್ತಾರೆ.

ಬೋರ್ಡಿನ ಮೇಲಿನ ‘ವೇಗದೂತ’, ‘ತಡೆರಹಿತ’ ಅಂದರೇನು?

ಸಾಮಾನ್ಯ ಬಸ್ಸು ಎಲ್ಲ ನಿಲುಗಡೆಗೂ ನಿಲ್ಲುತ್ತದೆ, ಕೋರಿಕೆ ನಿಲುಗಡೆ ಇದ್ದಲ್ಲಿ ಕೈ ತೋರಿಸಬೇಕು. ವೇಗದೂತ ದೊಡ್ಡ ಊರುಗಳಲ್ಲಿ ಮಾತ್ರ. ತಡೆರಹಿತ ನಡುವೆ ಎಲ್ಲೂ ನಿಲ್ಲುವುದಿಲ್ಲ. ಹೊಸಪೇಟೆ ರಸ್ತೆಯಲ್ಲಿ ಇದು ಮುಖ್ಯ. ಕುಡಿತಿನಿಯಲ್ಲಿ ಇಳಿಯುವವರು, ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುವವರು ಹತ್ತುವ ಮೊದಲೇ ಕೇಳಬೇಕು. ಹತ್ತಿ ಕೂತ ಮೇಲೆ ಕೇಳಿದರೆ ಹೊಸಪೇಟೆವರೆಗಿನ ಟಿಕೆಟ್ಟು ಗ್ಯಾರಂಟಿ.

ರಾತ್ರಿ ಬಸ್ಸುಗಳಲ್ಲಿ ರಾಜಹಂಸ, ಎಸಿ ಇಲ್ಲದ ಸ್ಲೀಪರ್ ‘ಅಮೋಘವರ್ಷ’, ಎಸಿ ಸ್ಲೀಪರ್ ‘ಕಲ್ಯಾಣ ರಥ’ ಎಂಬ ಹೆಸರುಗಳಿವೆ. ಇವಕ್ಕೆ ದರವೂ ಬೇರೆ, ರಿಯಾಯಿತಿ ನಿಯಮವೂ ಬೇರೆ.

ಶಕ್ತಿ ಯೋಜನೆ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ?

2023ರ ಜೂನ್ 11ರಿಂದ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ನಗರ ಸಾರಿಗೆ, ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇಲ್ಲ. ಖಾಸಗಿ ಬಸ್ಸಿಗೂ ಇಲ್ಲ.

ಬಳ್ಳಾರಿಯಲ್ಲಿ ತಕರಾರು ಏಳುವುದು ಮೂರು ಕಡೆ. ಮೊದಲನೆಯದು ವಿಳಾಸ. ಆದೋನಿಯಿಂದಲೋ ಗುಂತಕಲ್ಲಿನಿಂದಲೋ ಮದುವೆಯಾಗಿ ಬಂದು ಹತ್ತು ವರ್ಷವಾಗಿದ್ದರೂ ಆಧಾರ್ ಕಾರ್ಡಿನಲ್ಲಿ ತವರಿನ ವಿಳಾಸವೇ ಇದ್ದರೆ ಶೂನ್ಯ ಟಿಕೆಟ್, ಅಂದರೆ ದುಡ್ಡಿಲ್ಲದೆ ಹರಿದುಕೊಡುವ ಉಚಿತ ಟಿಕೆಟ್, ಸಿಗುವುದಿಲ್ಲ. ಕಂಡಕ್ಟರ್ ನೋಡುವುದು ಫೋಟೊ ಮತ್ತು ಕರ್ನಾಟಕದ ವಿಳಾಸ, ಇವೆರಡೇ. ಮತದಾರರ ಚೀಟಿಯಲ್ಲಿ ಇಲ್ಲಿಯ ವಿಳಾಸ ಇದ್ದರೆ ಅದನ್ನೇ ತೋರಿಸಿ. ಅದೂ ಇಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ವಿಳಾಸ ಬದಲಿಸಿಕೊಳ್ಳುವುದೊಂದೇ ದಾರಿ. ಝೆರಾಕ್ಸ್ ಪ್ರತಿ ಒಪ್ಪಲೇಬೇಕೆಂದು ವಾದಿಸಬೇಡಿ, ಮೂಲ ಕಾರ್ಡು ಇಟ್ಟುಕೊಳ್ಳಿ.

ಎರಡನೆಯದು ಅಂತರರಾಜ್ಯ ಬಸ್ಸು. ಮಂತ್ರಾಲಯ ನಮ್ಮದೇ ಊರು ಎನ್ನಿಸುವಷ್ಟು ಹತ್ತಿರ, ಆದರೆ ಅದು ಆಂಧ್ರದ ಕರ್ನೂಲು ಜಿಲ್ಲೆ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಪೂರ್ತಿ ಟಿಕೆಟ್ಟು ಕೊಳ್ಳಬೇಕು. ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಬಂದಿದೆ, ಅದು ಅಲ್ಲಿಯ ನಿವಾಸಿಗಳಿಗೆ, ಅವರ ರಾಜ್ಯದೊಳಗೆ.

ಮೂರನೆಯದು ‘ಹೇಗೂ ಫ್ರೀ, ಟಿಕೆಟ್ ಯಾಕೆ?’ ಎಂಬ ಮಾತು. ನಿಗಮಕ್ಕೆ ಸರ್ಕಾರ ದುಡ್ಡು ಕೊಡುವುದು ಶೂನ್ಯ ಟಿಕೆಟ್ಟುಗಳ ಲೆಕ್ಕದ ಮೇಲೆ. ಟಿಕೆಟ್ ಹರಿಯದಿದ್ದರೆ ಆ ಪ್ರಯಾಣ ಲೆಕ್ಕಕ್ಕೇ ಬರುವುದಿಲ್ಲ. ಆ ಮಾರ್ಗದಲ್ಲಿ ಜನವೇ ಇಲ್ಲ ಎಂದು ಕಾಗದ ಹೇಳುತ್ತದೆ, ಮುಂದೆ ಟ್ರಿಪ್ಪಿಗೇ ಕತ್ತರಿ ಬೀಳಬಹುದು. ತನಿಖೆಯವರು ಹತ್ತಿದರೆ ಶೂನ್ಯ ಟಿಕೆಟ್ ಇಲ್ಲದ ಮಹಿಳೆಯೂ ಟಿಕೆಟ್ ರಹಿತ ಪ್ರಯಾಣಿಕಳೇ. ಇಳಿಯುವ ಊರನ್ನೂ ಸರಿಯಾಗಿ ಹೇಳಿ.

ಗಂಡಸರಿಗೆ ಸೀಟೇ ಇಲ್ಲವೇ ಎಂಬ ಪ್ರಶ್ನೆಗೆ: ನಿಯಮದಂತೆ ಅರ್ಧ ಸೀಟು ಪುರುಷರಿಗೆ. ಸಂತೆ ದಿನ, ಜಾತ್ರೆ ದಿನ ಅದನ್ನು ಜಾರಿಗೆ ತರಿಸುವುದು ಕಂಡಕ್ಟರಿಗೂ ಕಷ್ಟ.

ದರದ ಲೆಕ್ಕ ಹೇಗೆ? ಅರ್ಧ ದಾರಿಯಲ್ಲಿ ಇಳಿದರೂ ಪೂರ್ತಿ ಯಾಕೆ?

ದರ ಇರುವುದು ಕಿಲೋಮೀಟರಿಗಲ್ಲ, ಹಂತಕ್ಕೆ. ಹಂತ ಅಂದರೆ ದರದ ಲೆಕ್ಕಕ್ಕೆಂದು ದಾರಿಯಲ್ಲಿ ಗುರುತು ಮಾಡಿದ ನಿಲುಗಡೆ. ಎರಡು ಹಂತಗಳ ನಡುವೆ ಇಳಿದರೆ ಮುಂದಿನ ಹಂತದವರೆಗಿನ ದುಡ್ಡು ಕೊಡಬೇಕು. 2020ರ ಫೆಬ್ರವರಿಯಲ್ಲಿ ದರ ಶೇ 12ರಷ್ಟು ಏರಿತ್ತು, 2025ರ ಜನವರಿ 5ರಿಂದ ಶೇ 15ರಷ್ಟು ಏರಿತು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆರರಿಂದ ಹನ್ನೆರಡು ವರ್ಷಕ್ಕೆ ಅರ್ಧ. 60 ದಾಟಿದ ರಾಜ್ಯದ ನಿವಾಸಿಗಳಿಗೆ ಶೇ 25 ರಿಯಾಯಿತಿ ಇದೆ, ವಯಸ್ಸಿನ ದಾಖಲೆ ತೋರಿಸಿ ಟಿಕೆಟ್ ಕೊಳ್ಳುವಾಗಲೇ ಕೇಳಬೇಕು. ಹರಿದ ಮೇಲೆ ಯಂತ್ರದಲ್ಲಿ ಅದನ್ನು ತಿದ್ದುವುದು ರಗಳೆ.

ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಮೊತ್ತ ಬರೆದು ಸುತ್ತ ಒಂದು ಗೆರೆ ಎಳೆಯುತ್ತಾರೆ. ಆ ಚೀಟಿ ಮಡಚಿ ಜೇಬಿಗೆ ಹಾಕಿದರೆ ಮರೆತೇಹೋಗುತ್ತದೆ, ಕೈಯಲ್ಲೇ ಇರಲಿ. ಇಳಿಯುವ ನಿಲುಗಡೆಗಿಂತ ಒಂದು ಊರು ಮೊದಲೇ ಎದ್ದು ಕೇಳಿ. ಬಸ್ಸು ನಿಂತ ಮೇಲೆ ಹತ್ತುವವರ ನೂಕಾಟದಲ್ಲಿ ಕಂಡಕ್ಟರ್ ಹಿಂದಿನ ಬಾಗಿಲಲ್ಲಿರುತ್ತಾರೆ, ನೀವು ಮುಂದಿನ ಬಾಗಿಲಲ್ಲಿ. ಕ್ಯೂಆರ್ ಸೌಲಭ್ಯವಿರುವ ಬಸ್ಸಿನಲ್ಲಿ ಈ ಗೋಳಿಲ್ಲ. ಆದರೆ ಹಳ್ಳಿ ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಒಂದು ನೂರು ರೂಪಾಯಿಯಷ್ಟು ಬಿಡಿ ನೋಟು ಇಟ್ಟುಕೊಂಡಿರಿ.

ಲಗೇಜು ಎಷ್ಟು ಒಯ್ಯಬಹುದು?

ಒಬ್ಬರಿಗೆ 30 ಕೆ.ಜಿ. ಉಚಿತ. ಬಟ್ಟೆ ಬ್ಯಾಗು, ಅಕ್ಕಿ ಚೀಲ, ತರಕಾರಿ, ತೆಂಗಿನಕಾಯಿ ಎಲ್ಲ ಇದರೊಳಗೆ. ಹೆಚ್ಚಾದರೆ ಲಗೇಜ್ ಟಿಕೆಟ್ ಕೇಳಿ ಪಡೆಯಿರಿ. ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಕ್ಯಾನು, ಪಟಾಕಿ ಹತ್ತಿಸುವಂತಿಲ್ಲ. ‘ಈ ಕವರು ಬೆಂಗಳೂರಿನಲ್ಲಿ ನಮ್ಮವರಿಗೆ ಕೊಟ್ಟುಬಿಡಿ ಅಣ್ಣಾ’ ಎಂದು ಡ್ರೈವರ್ ಕೈಗೆ ಕೊಡುವ ಅಭ್ಯಾಸ ಬಿಡಿ, ಕಳೆದರೆ ಕೇಳಲು ದಾಖಲೆ ಇರುವುದಿಲ್ಲ. ಅದಕ್ಕೆಂದೇ 2021ರಿಂದ ‘ನಮ್ಮ ಕಾರ್ಗೋ’ ಇದೆ, ರಸೀದಿ ಸಿಗುತ್ತದೆ.

ವಿದ್ಯಾರ್ಥಿ ಪಾಸು ತಡವಾಗುವುದು ಯಾಕೆ?

ಅರ್ಜಿ ಸೇವಾ ಸಿಂಧುವಿನಲ್ಲಿ. ತಡವಾಗುವುದು ಬಹುತೇಕ ಡಿಪೋದಲ್ಲಿ ಅಲ್ಲ, ಅರ್ಜಿಯಲ್ಲಿ. ಆಧಾರಿನ ಹೆಸರಿಗೂ ಶಾಲಾ ದಾಖಲೆಯ ಹೆಸರಿಗೂ ಒಂದು ಅಕ್ಷರ ಹೆಚ್ಚುಕಡಿಮೆ ಇರುತ್ತದೆ. ಜಾತಿ ಪ್ರಮಾಣಪತ್ರದ ಸಂಖ್ಯೆ ತಪ್ಪಿರುತ್ತದೆ. ಹತ್ತುವ ನಿಲುಗಡೆ ಅಂತ ಊರಿನ ಹೆಸರು ಹಾಕಿರುತ್ತಾರೆ, ಆದರೆ ಬಸ್ಸು ನಿಲ್ಲುವುದು ಊರ ಹೊರಗಿನ ಕ್ರಾಸಿನಲ್ಲಿ. ಕಂಡಕ್ಟರ್ ಯಂತ್ರದಲ್ಲಿ ಬರುವ ಹಂತದ ಹೆಸರೇ ಅರ್ಜಿಯಲ್ಲೂ ಇರಬೇಕು. ಒಂದು ಹಳೆಯ ಟಿಕೆಟ್ ನೋಡಿಕೊಂಡು ತುಂಬಿದರೆ ಈ ಗೊಂದಲ ಬಾರದು.

ಪಾಸು ಸಿಗುವುದು ಮನೆಯಿಂದ 60 ಕಿ.ಮೀ. ಒಳಗಿನ ಕಾಲೇಜಿಗೆ. ಎರಡು ಬಸ್ಸು ಬದಲಿಸುವವರು ಬದಲಿಸುವ ಊರನ್ನು ‘ಮಾರ್ಗ’ದಲ್ಲಿ ನಮೂದಿಸಲೇಬೇಕು. ಇಲ್ಲವಾದರೆ ಎರಡನೇ ಬಸ್ಸಿನ ಕಂಡಕ್ಟರ್ ಒಪ್ಪುವುದಿಲ್ಲ, ಅದು ಅವರ ತಪ್ಪಲ್ಲ.

ಬಸ್ಸಿನಲ್ಲಿ ಬ್ಯಾಗು ಬಿಟ್ಟು ಇಳಿದುಬಿಟ್ಟೆ. ಈಗ?

ಟಿಕೆಟ್ ಹುಡುಕಿ. ಅದರಲ್ಲಿ ಡಿಪೋ, ವಾಹನ ಸಂಖ್ಯೆ, ಹೊತ್ತು ಎಲ್ಲ ಅಚ್ಚಾಗಿರುತ್ತದೆ. ನಿಲ್ದಾಣದ ನಿಯಂತ್ರಣ ಕೊಠಡಿಗೆ ಹೋಗಿ ತೋರಿಸಿ. ಬಸ್ಸು ಇನ್ನೂ ದಾರಿಯಲ್ಲಿದ್ದರೆ ಅವರು ಕಂಡಕ್ಟರಿಗೋ ಮುಂದಿನ ನಿಲ್ದಾಣಕ್ಕೋ ಫೋನ್ ಮಾಡಿಸುತ್ತಾರೆ. ಟ್ರಿಪ್ಪು ಮುಗಿದಿದ್ದರೆ ಸಿಕ್ಕ ವಸ್ತು ಡಿಪೋಗೆ ಹೋಗುತ್ತದೆ, ನೀವು ಇಳಿದ ಊರಿನ ನಿಲ್ದಾಣಕ್ಕಲ್ಲ. ರಾಯಚೂರು ಡಿಪೋ ಬಸ್ಸಿನಲ್ಲಿ ಬಿಟ್ಟ ಬ್ಯಾಗನ್ನು ಬಳ್ಳಾರಿಯಲ್ಲಿ ಎರಡು ದಿನ ಹುಡುಕುವವರು ಇದನ್ನು ಗಮನಿಸಬೇಕು. ಅಪಘಾತವಾದಾಗಲೂ ಆ ಬಸ್ಸಿನಲ್ಲಿ ಇದ್ದಿರಿ ಎಂಬುದಕ್ಕೆ ಟಿಕೆಟ್ಟೇ ದಾಖಲೆ.

ನಿನ್ನೆ ಸಂಜೆಯ ಬಸ್ಸು ಬರಲಿಲ್ಲ ಸರಿ, ಇವತ್ತು ಬೆಳಿಗ್ಗೆಯದೂ ಯಾಕೆ ಬರಲಿಲ್ಲ?

ಎರಡೂ ಒಂದೇ ಬಸ್ಸು. ಸಂಜೆ ಊರಿಗೆ ಬಂದು, ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಹೊರಡುವುದಕ್ಕೆ ವಸ್ತಿ ಬಸ್ಸು ಅನ್ನುತ್ತಾರೆ. ಡ್ರೈವರ್, ಕಂಡಕ್ಟರ್ ಮಲಗುವುದೂ ಗುಡಿ ಕಟ್ಟೆಯಲ್ಲೋ ಪಂಚಾಯಿತಿ ಕೋಣೆಯಲ್ಲೋ ಬಸ್ಸಿನಲ್ಲೋ. ಸಂಜೆ ಬಸ್ಸು ಡಿಪೋದಲ್ಲೇ ಕೆಟ್ಟು ನಿಂತರೆ ಬೆಳಗಿನ ಬಸ್ಸು ಊರಲ್ಲಿ ಇರುವುದೇ ಇಲ್ಲ, ಶಾಲೆ ಮಕ್ಕಳು ರಸ್ತೆಯಲ್ಲಿ ನಿಂತೇ ಇರುತ್ತಾರೆ. ಆದ್ದರಿಂದ ರಾತ್ರಿಯೇ ಡಿಪೋಗೆ ಫೋನ್ ಮಾಡಬೇಕು, ಬೆಳಿಗ್ಗೆ ಏಳಕ್ಕಲ್ಲ. ರಾತ್ರಿ ತಿಳಿಸಿದರೆ ಐದು ಗಂಟೆಗೆ ಖಾಲಿ ಬಸ್ಸೊಂದನ್ನು ಕಳಿಸುವ ಅವಕಾಶವಾದರೂ ಉಳಿದಿರುತ್ತದೆ.

ಊರವರು ವಸ್ತಿ ಸಿಬ್ಬಂದಿಗೆ ಒಂದು ಬೆಳಕಿರುವ ಕೋಣೆ, ನೀರು, ಶೌಚಾಲಯ ಮಾಡಿಕೊಟ್ಟರೆ ಆ ಶೆಡ್ಯೂಲಿಗೆ ಹೋಗಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಸಾವಿರ ಮನವಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಬಸ್ಸುಗಳು ಇಷ್ಟು ಕೆಡುವುದು, ತಡವಾಗುವುದು ಯಾಕೆ?

ಬಳ್ಳಾರಿಯ ಕಾರಣಗಳು ಬಳ್ಳಾರಿಯವೇ. ಅದಿರಿನ ಭರಾಟೆಯ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ರಸ್ತೆಗಳು ಲಾರಿಗಳ ಕೆಳಗೆ ಪುಡಿಯಾದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಹಾವಳಿ ತಗ್ಗಿತು. ಈಗಲೂ ತೋರಣಗಲ್ಲು–ಸಂಡೂರು ಕಡೆ ಕೆಂಧೂಳು ಏರ್ ಫಿಲ್ಟರಿಗೆ ತುಂಬುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಸಾಲದೆ ಕಪ್ಪು ಹೊಗೆ ಬರುತ್ತದೆ, ಏರು ಹತ್ತುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಗುಂಡಿಗಳಿಗೆ ಮೊದಲು ಬಲಿಯಾಗುವುದು ಸ್ಪ್ರಿಂಗಿನ ಮೇನ್ ಪ್ಲೇಟು. ‘ಪ್ಲೇಟ್ ಕಟ್’ ಆದ ಬಸ್ಸು ಒಂದು ಮಗ್ಗುಲಿಗೆ ವಾಲಿ ನಿಂತಿರುತ್ತದೆ, ನೋಡಿದರೇ ತಿಳಿಯುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ ಟೈರಿನ ಸರದಿ. ಮುಂದಿನ ಗಾಲಿಗೆ ಹೊಸ ಟೈರು, ಹಿಂದಿನವಕ್ಕೆ ರೀಸೋಲ್ ಮಾಡಿದ್ದು, ಅಂದರೆ ಸವೆದ ಟೈರಿನ ಮೇಲೆ ಹೊಸ ರಬ್ಬರು ಕೂರಿಸಿದ್ದು, ಹಾಕುವುದು ವಾಡಿಕೆ. ಗಾಳಿ ಕಡಿಮೆ, ಹೊರೆ ಹೆಚ್ಚು, ಡಾಂಬರು ಕಾದಿದೆ ಎಂದರೆ ಮೇಲಿನ ರಬ್ಬರು ಕಿತ್ತು ಬರುತ್ತದೆ. ರೇಡಿಯೇಟರಿನ ನೀರು ಕುದಿಯುವುದೂ ಮಧ್ಯಾಹ್ನವೇ. ಬಸಿರು ಹೆಂಗಸರು, ವಯಸ್ಸಾದವರು ಹಿಂದಿನ ಗಾಲಿಯ ಮೇಲಿನ ಸೀಟಿನಿಂದ ಹಿಂದಕ್ಕೆ ಕೂರಬಾರದು, ಎರಡು ಗಾಲಿಗಳ ನಡುವಿನ ಸೀಟಿನಲ್ಲಿ ಎತ್ತಿ ಹಾಕುವುದು ಕಡಿಮೆ.

ಊರೊಳಗಿನ ತಡಕ್ಕೆ ಸುಧಾ ಕ್ರಾಸ್ ಕಡೆಯ ರೈಲ್ವೆ ಗೇಟು, ಜೋರು ಮಳೆಯಲ್ಲಿ ದುರ್ಗಮ್ಮ ಗುಡಿಯ ಬಳಿಯ ಕೆಳಸೇತುವೆಯ ನೀರು, ಇಷ್ಟು ಹೇಳಿದರೆ ಬಳ್ಳಾರಿಯವರಿಗೆ ಸಾಕು.

ನಡುದಾರಿಯಲ್ಲಿ ಬಸ್ಸು ಕೆಟ್ಟರೆ ಮತ್ತೆ ಟಿಕೆಟ್ ಕೊಳ್ಳಬೇಕೇ?

ಬೇಡ. ಅದೇ ದರ್ಜೆಯ ನಿಗಮದ ಮುಂದಿನ ಬಸ್ಸಿಗೆ ಅದೇ ಟಿಕೆಟ್ಟಿನ ಮೇಲೆ ಹತ್ತಿಸುವುದು ಕಂಡಕ್ಟರ್ ಜವಾಬ್ದಾರಿ. ಅವಸರದಲ್ಲಿ ನೀವೇ ಕೈ ಅಡ್ಡ ಹಾಕಿ ಬೇರೆ ಬಸ್ಸು ಹತ್ತಿದರೆ ಮಾತ್ರ ಆ ಬಸ್ಸಿನವರು ದುಡ್ಡು ಕೇಳುತ್ತಾರೆ.

ನಮ್ಮ ಊರಿಗೆ ಬಸ್ಸು ಬೇಕು. ಅರ್ಜಿ ಹೇಗೆ ಕೊಡಬೇಕು?

ಗ್ರಾಮ ಪಂಚಾಯಿತಿ ಠರಾವು ಮಾಡಿಸಿ, ಘಟಕ ವ್ಯವಸ್ಥಾಪಕರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಬಸ್ಸು ಬಿಡಿ’ ಎಂದಷ್ಟೇ ಬರೆದರೆ ಕಡತ ಮಲಗುತ್ತದೆ. ಎಷ್ಟು ವಿದ್ಯಾರ್ಥಿಗಳು, ಶಾಲೆಯ ಗಂಟೆ ಎಷ್ಟಕ್ಕೆ, ಸಂತೆ ಯಾವ ದಿನ, ಹತ್ತಿರ ಬಂದು ಹೋಗುತ್ತಿರುವ ಬಸ್ಸು ಯಾವುದು, ಅದನ್ನು ಎಷ್ಟು ಕಿಲೋಮೀಟರು ಮುಂದಕ್ಕೆ ಎಳೆದರೆ ನಿಮ್ಮ ಊರು ಸಿಗುತ್ತದೆ, ಇಷ್ಟೂ ಬರೆಯಿರಿ. ಹೊಸ ಶೆಡ್ಯೂಲಿಗೆ ಹೊಸ ಬಸ್ಸು, ಹೊಸ ಸಿಬ್ಬಂದಿ ಬೇಕು. ಇರುವ ಬಸ್ಸನ್ನು ಮುಂದಕ್ಕೆ ವಿಸ್ತರಿಸುವುದು ಅದಕ್ಕಿಂತ ಬಹಳ ಸುಲಭ.

ಆಮೇಲೆ ರಸ್ತೆ ನೋಡಲು ಬರುತ್ತಾರೆ. ತಗ್ಗಿನಲ್ಲಿ ತೂಗುವ ಕರೆಂಟು ತಂತಿ, ರಸ್ತೆಗೆ ಬಾಗಿದ ಜಾಲಿ, ಕಾಲುವೆಯ ಕಿರಿದಾದ ಸೇತುವೆ ಇವುಗಳಲ್ಲಿ ಒಂದಿದ್ದರೂ ವರದಿ ವಿರುದ್ಧ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ ಬಸ್ಸು ತಿರುಗಿಸುವ ಜಾಗ. 11 ಮೀಟರ್ ಉದ್ದದ ಬಸ್ಸನ್ನು ಕತ್ತಲಲ್ಲಿ ರಿವರ್ಸ್ ತೆಗೆಯಲು ಯಾವ ಡ್ರೈವರೂ ಒಪ್ಪುವುದಿಲ್ಲ. ತಿಪ್ಪೆ, ಕಣ, ನಿಲ್ಲಿಸಿದ ಟ್ರಾಲಿ ತೆರವು ಮಾಡಿಸಿಟ್ಟು ಆಮೇಲೆ ಕರೆಯಿರಿ.

ಮದುವೆಗೆ ಬಸ್ಸು ಬಾಡಿಗೆಗೆ ಸಿಗುತ್ತದೆಯೇ?

ಸಿಗುತ್ತದೆ, ‘ಸಾಂದರ್ಭಿಕ ಒಪ್ಪಂದ’ ಎಂದು ಡಿಪೋದಲ್ಲಿ ಕೇಳಿ. ಕಿಲೋಮೀಟರು ಎಣಿಸುವುದು ನಿಮ್ಮ ಮನೆಯಿಂದಲ್ಲ, ಡಿಪೋ ಬಿಟ್ಟು ಡಿಪೋಗೆ ಮರಳುವವರೆಗೆ. ದಿನಕ್ಕೆ ಇಷ್ಟು ಎಂಬ ಕನಿಷ್ಠ ಕಿಲೋಮೀಟರಿಗೆ ದುಡ್ಡು ಕಟ್ಟಲೇಬೇಕು, ಓಡಲಿ ಬಿಡಲಿ. ಬೀಗರ ಊರು ಆಂಧ್ರದಲ್ಲಿದ್ದರೆ ತಾತ್ಕಾಲಿಕ ಪರವಾನಗಿ, ಆ ರಾಜ್ಯದ ತೆರಿಗೆ ಬೇರೆ, ಆದ್ದರಿಂದ ವಾರ ಮೊದಲೇ ಹೋಗಿ.

ಕಂಪ್ಲಿ ಸೇತುವೆ ಮುಳುಗಿದಾಗ ಗಂಗಾವತಿಗೆ ಹೋಗುವುದು ಹೇಗೆ?

ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಲ್ಲುತ್ತದೆ. ಬುಕ್ಕಸಾಗರ–ಕಡೇಬಾಗಿಲು ಸೇತುವೆ ಒಂದು ದಾರಿ, ಹೊಸಪೇಟೆ–ಮುನಿರಾಬಾದ್ ಸುತ್ತು ಇನ್ನೊಂದು. ಸುತ್ತಿನ ಹಂತ ಹೆಚ್ಚಿರುವುದರಿಂದ ದರವೂ ಹೆಚ್ಚು. ಆಗಸ್ಟ್ ಹೊತ್ತಿಗೆ ಆ ಕಡೆ ಹೊರಡುವವರು ಜಲಾಶಯದ ಹೊರಹರಿವಿನ ಸುದ್ದಿ ನೋಡಿ, ಅನುಮಾನವಿದ್ದರೆ ಕಂಪ್ಲಿ ಬಸ್ಸು ಹತ್ತದೆ ನೇರ ಹೊಸಪೇಟೆ ಬಸ್ಸನ್ನೇ ಹಿಡಿಯಿರಿ. ನೀರು ಇಳಿದ ಕೂಡಲೇ ಬಸ್ಸು ಬಿಡುವುದಿಲ್ಲ. ಸೇತುವೆಯ ಮೇಲಿನ ಕೆಸರು, ಮುಳ್ಳು, ಕಿತ್ತುಹೋದ ಕಂಬಿಗಳನ್ನು ಸರಿಪಡಿಸಿ ಅಧಿಕಾರಿಗಳು ಪರಿಶೀಲಿಸಿದ ಮೇಲಷ್ಟೇ. ಮೊದಲು ಬೈಕು, ಕಾರು ಬಿಡುತ್ತಾರೆ, ಬಸ್ಸಿನ ಸರದಿ ಆಮೇಲೆ.